ನೆಟ್ಟಗೆ ನಿಲ್ಲುವ ವಿದ್ಯೆ

ಬೆನ್ನೆಲುಬುಳ್ಳ ಪ್ರಾಣಿಗಳು ಲೋಕದಲ್ಲಿ ಅನೇಕ. ಮೀನಿಗೆ ಬೆನ್ನೆಲುಬುಂಟು, ಕಪ್ಪೆಗೆ ಉಂಟು, ಹಾವಿಗೆ ಉಂಟು, ಹಸುವಿಗೂ ಉಂಟು. ಆದರೆ ಆ ಎಲುಬುಗಳ ಸರವನ್ನು ಕಂಬದಂತೆ ಎತ್ತಿ ನಿಲ್ಲಿಸಿ, ಅದರ ತುದಿಯಲ್ಲಿ ಸುಮಾರು ಐದು ಕಿಲೋಗ್ರಾಂ ತೂಕದ ತಲೆಯನ್ನು ಹೊತ್ತುಕೊಂಡು, ಎರಡೇ ಕಾಲುಗಳ ಮೇಲೆ ದಿನವಿಡೀ ದೂರದೂರ ನಡೆಯುವ ಸಸ್ತನಿಯೆಂದರೆ ಮನುಷ್ಯನೊಬ್ಬನೇ. ಹಸುವಿನ ಬೆನ್ನು ನಾಲ್ಕು ಕಾಲುಗಳ ನಡುವೆ ಕಟ್ಟಿದ ಸೇತುವೆಯಂತೆ ಅಡ್ಡಲಾಗಿ ಇರುತ್ತದೆ. ನಮ್ಮ ಬೆನ್ನು ಬುಡದಲ್ಲಿ ಮಾತ್ರ ಊರಿದ ಧ್ವಜಸ್ತಂಭದಂತೆ ನಿಂತಿರುತ್ತದೆ. ಧ್ವಜಸ್ತಂಭವನ್ನು ನಿಲ್ಲಿಸಿದವರಿಗೆಲ್ಲ ಗೊತ್ತಿರುವ ಒಂದು ಸಂಗತಿಯುಂಟು: ಕಂಬ ಎಷ್ಟೇ ಗಟ್ಟಿಯಾಗಿರಲಿ, ಸುತ್ತಲಿನಿಂದ ಎಳೆದು ಕಟ್ಟಿದ ಹಗ್ಗಗಳು ಸರಿಯಾಗಿಲ್ಲದಿದ್ದರೆ ಅದು ನಿಲ್ಲುವುದಿಲ್ಲ.

ನಮ್ಮ ಬೆನ್ನುಕಂಬದ ಕೆಲಸವಂತೂ ಧ್ವಜಸ್ತಂಭದ ಕೆಲಸಕ್ಕಿಂತ ಕಠಿನವಾದುದು. ಅದು ಭಾರವನ್ನು ಹೊರುವಷ್ಟು ಬಿಗಿಯಾಗಿರಬೇಕು. ಬಾಗಿ ನೆಲದ ಮೇಲಿನ ಕಡ್ಡಿಯನ್ನು ಎತ್ತಿಕೊಳ್ಳುವಷ್ಟು ಬಳುಕಬೇಕು. ತನ್ನೊಳಗೆ ಹಾದುಹೋಗುವ ಬೆನ್ನುಹುರಿಯನ್ನು ಕಾಪಾಡಲೂ ಬೇಕು. ಪರಸ್ಪರ ವಿರೋಧವೆಂದು ತೋರುವ ಈ ಕೆಲಸಗಳನ್ನು ಒಟ್ಟಿಗೆ ನಡೆಸುವಾಗ ಒಮ್ಮೊಮ್ಮೆ ತೊಡಕು ಬರುವುದರಲ್ಲಿ ಆಶ್ಚರ್ಯವೇನೂ ಇಲ್ಲ. ನಡುನೋವಿನಿಂದ ಬಳಲುವವರ ಸಂಖ್ಯೆ 2020ರಲ್ಲಿ ಜಗತ್ತಿನಾದ್ಯಂತ 61 ಕೋಟಿ 90 ಲಕ್ಷದಷ್ಟಿತ್ತೆಂದು ಅಂತರರಾಷ್ಟ್ರೀಯ ಗಣತಿಯೊಂದು ಅಂದಾಜು ಮಾಡಿದೆ. ದೈನಂದಿನ ಕೆಲಸಕ್ಕೆ ಜನರನ್ನು ಅಶಕ್ತರನ್ನಾಗಿ ಮಾಡುವ ಕಾರಣಗಳಲ್ಲಿ ಇದಕ್ಕೇ ಮೊದಲ ಸ್ಥಾನ.

ಈ ನೋವಿಗೆ ಮದ್ದಾಗಿಯೂ, ನೆಟ್ಟನೆಯ ನಿಲುವಿಗೆ ಸಾಧನವಾಗಿಯೂ ಇಂದು ಹೆಸರಾಗಿರುವ ವ್ಯಾಯಾಮಪದ್ಧತಿಗಳಲ್ಲಿ 'ಪಿಲಾಟೀಸ್' ಎಂಬುದು ಒಂದು. ಅದರ ಹೆಸರು ನಗರದ ಬೀದಿಗಳ ಫಲಕಗಳಲ್ಲಿ ಕಾಣುತ್ತದೆ. ಅದರ ಗುಣಗಾನ ಎಲ್ಲೆಡೆ ಕೇಳಿಬರುತ್ತದೆ. ಆದರೆ ಗುಣಗಾನ ಬೇರೆ, ಗುಣಪರೀಕ್ಷೆ ಬೇರೆ. ಈ ಪದ್ಧತಿ ಹುಟ್ಟಿದ್ದು ಹೇಗೆ, ಶರೀರದಲ್ಲಿ ಅದು ಮಾಡುವ ಕೆಲಸವೇನು, ಪರೀಕ್ಷೆಗೆ ಒಡ್ಡಿದಾಗ ಅದು ಎಷ್ಟರಮಟ್ಟಿಗೆ ಗೆದ್ದಿತು ಎಂಬುದನ್ನು ಇಲ್ಲಿ ನೋಡೋಣ.

ಎಲುಬು ಮತ್ತು ಬಿಲ್ಲೆ

ಹುಟ್ಟುವಾಗ ನಮ್ಮ ಬೆನ್ನುಕಂಬದಲ್ಲಿ ಸಾಮಾನ್ಯವಾಗಿ 33 ಕಶೇರುಮಣಿಗಳು ಇರುತ್ತವೆ. ಕತ್ತಿನಲ್ಲಿ 7, ಎದೆಯ ಹಿಂಬದಿಯಲ್ಲಿ 12, ನಡುವಿನಲ್ಲಿ 5. ಇವುಗಳ ಕೆಳಗಿನ ಐದು ಮಣಿಗಳು ಬೆಳೆಯುತ್ತ ಒಂದಕ್ಕೊಂದು ಬೆಸೆದುಕೊಂಡು ತ್ರಿಕಾಸ್ಥಿಯಾಗುತ್ತವೆ. ತುದಿಯ ನಾಲ್ಕು ಕೂಡಿ ಬಾಲದೆಲುಬಾಗುತ್ತವೆ. ಹೀಗಾಗಿ ಬೆಳೆದವರ ಬೆನ್ನುಕಂಬದಲ್ಲಿ ಎಣಿಸಿದರೆ ಸಿಕ್ಕುವುದು 26 ಎಲುಬುಗಳು.

ಮಣಿಮಣಿಗಳ ನಡುವೆ ಒಂದೊಂದು ಮೆತ್ತನೆಯ ಬಿಲ್ಲೆ ಇರುತ್ತದೆ. ಇಂಥ ಬಿಲ್ಲೆಗಳು 23. ಬಿಲ್ಲೆಯ ಹೊರಭಾಗ ಈರುಳ್ಳಿಯ ಪದರಗಳಂತೆ ಸುತ್ತಿಕೊಂಡ ಗಟ್ಟಿ ನಾರು. ಒಳಗೆ ನೀರನ್ನು ಹೀರಿ ಹಿಡಿದುಕೊಂಡಿರುವ ಲೋಳೆಯಂಥ ತಿರುಳು. ನಿಂತು ಓಡಾಡುವಾಗ ಮೈಭಾರದಿಂದ ಈ ತಿರುಳಿನ ನೀರು ಸ್ವಲ್ಪ ಸ್ವಲ್ಪವಾಗಿ ಹಿಂಡಿಹೋಗುತ್ತದೆ. ರಾತ್ರಿ ಮಲಗಿದಾಗ ಬಿಲ್ಲೆ ಮತ್ತೆ ನೀರನ್ನು ಹೀರಿಕೊಂಡು ಉಬ್ಬುತ್ತದೆ. ಇದರ ಫಲವನ್ನು ವಾಚಕರು ತಾವೇ ಅಳೆದು ನೋಡಬಹುದು. ಬೆಳಿಗ್ಗೆ ಎದ್ದೊಡನೆ ಗೋಡೆಗೆ ಒರಗಿ ನಿಂತು ಎತ್ತರವನ್ನು ಗುರುತಿಸಿಕೊಂಡು, ರಾತ್ರಿ ಮಲಗುವ ಮುನ್ನ ಮತ್ತೆ ಗುರುತಿಸಿದರೆ ಎರಡರ ನಡುವೆ ಒಂದರಿಂದ ಎರಡು ಸೆಂಟಿಮೀಟರಿನವರೆಗೆ ಅಂತರ ಕಾಣುತ್ತದೆ. ಭಾರವೇ ಇಲ್ಲದ ಅಂತರಿಕ್ಷದಲ್ಲಿ ತಿಂಗಳುಗಟ್ಟಲೆ ಇರುವ ಯಾತ್ರಿಕರ ಎತ್ತರ ನೂರಕ್ಕೆ ಮೂರರಷ್ಟು ಹೆಚ್ಚುವುದೂ ಉಂಟು. ಭೂಮಿಗೆ ಹಿಂದಿರುಗಿದ ಮೇಲೆ ಅದು ಮತ್ತೆ ಮೊದಲಿನಂತಾಗುತ್ತದೆ.

ಪಕ್ಕದಿಂದ ನೋಡಿದರೆ ಬೆನ್ನುಕಂಬ ನೇರವಾಗಿರುವುದಿಲ್ಲ. ಕತ್ತಿನಲ್ಲಿ ಮುಂದಕ್ಕೆ, ಎದೆಯಲ್ಲಿ ಹಿಂದಕ್ಕೆ, ನಡುವಿನಲ್ಲಿ ಮತ್ತೆ ಮುಂದಕ್ಕೆ ಬಾಗಿರುತ್ತದೆ. ಹೊಸದಾಗಿ ಹುಟ್ಟಿದ ಶಿಶುವಿನ ಬೆನ್ನಿನಲ್ಲಿ ಈ ಅಲೆಗಳಿಲ್ಲ. ಅದು ಒಂದೇ ಬಿಲ್ಲಿನಂತೆ ಬಾಗಿರುತ್ತದೆ. ಮಗು ತಲೆಯೆತ್ತಲು ಕಲಿತಾಗ ಕತ್ತಿನ ಬಾಗು ಸ್ಪಷ್ಟವಾಗುತ್ತದೆ. ಎದ್ದು ನಿಂತು ಹೆಜ್ಜೆಯಿಡಲು ತೊಡಗಿದಾಗ ನಡುವಿನ ಬಾಗು ಮೂಡುತ್ತದೆ. ಈ ಬಾಗುಗಳಿಂದಾಗಿ ತಲೆ, ಎದೆ, ಸೊಂಟಗಳ ಭಾರ ಒಂದರ ಮೇಲೊಂದು ಬಂದು ಪಾದಗಳ ಮೇಲೆ ಇಳಿಯುತ್ತದೆ. ನಡೆಯುವಾಗ, ಓಡುವಾಗ ಉಂಟಾಗುವ ಕುಲುಕು ಬೆನ್ನಿನ ಉದ್ದಕ್ಕೂ ಹಂಚಿಹೋಗುತ್ತದೆ.

ಸನ್ನೆಗೋಲಿನ ಲೆಕ್ಕ

ಎಲುಬು, ಬಿಲ್ಲೆಗಳಷ್ಟೇ ಇದ್ದರೆ ಈ ಕಂಬ ನಿಲ್ಲಲಾರದು. ಅದನ್ನು ನಿಲ್ಲಿಸುವ ಹಗ್ಗಗಳೆಂದರೆ ಸ್ನಾಯುಗಳು. ಅವು ಎಷ್ಟು ಬಲವನ್ನು ಹಾಕಬೇಕಾಗುತ್ತದೆ ಎಂಬುದನ್ನು ತಿಳಿಯಲು ಪ್ರೌಢಶಾಲೆಯ ಭೌತಶಾಸ್ತ್ರವೇ ಸಾಕು.

60 ಕಿಲೋಗ್ರಾಂ ತೂಕದ ಒಬ್ಬ ವಿದ್ಯಾರ್ಥಿಯನ್ನು ತೆಗೆದುಕೊಳ್ಳೋಣ. ಅವನ ನಡುವಿನ ಕೆಳಗಿನ ಬಿಲ್ಲೆಗಿಂತ ಮೇಲಿರುವ ಶರೀರದ ತೂಕ ಸುಮಾರು 35 ಕಿಲೋಗ್ರಾಂ ಎನ್ನೋಣ. ಅವನು ಮುಂದಕ್ಕೆ ಬಾಗಿದಾಗ ಈ ತೂಕದ ಕೇಂದ್ರ ಬಿಲ್ಲೆಯಿಂದ 20 ಸೆಂಟಿಮೀಟರ್ ಮುಂದೆ ಹೋಯಿತೆಂದು ಭಾವಿಸೋಣ. ಅದನ್ನು ಬೀಳದಂತೆ ಹಿಡಿಯುವ ಬೆನ್ನಿನ ಸ್ನಾಯುಗಳು ಬಿಲ್ಲೆಯ ಹಿಂದೆ ಸುಮಾರು 5 ಸೆಂಟಿಮೀಟರ್ ದೂರದಲ್ಲಿವೆ. ಸನ್ನೆಗೋಲಿನ ನಿಯಮದಂತೆ 35ನ್ನು 20ರಿಂದ ಗುಣಿಸಿ 5ರಿಂದ ಭಾಗಿಸಿದರೆ 140 ಬರುತ್ತದೆ. ಅಂದರೆ ಕೈಯಲ್ಲಿ ಒಂದು ಪುಸ್ತಕವೂ ಇಲ್ಲದೆ ಸುಮ್ಮನೆ ಬಾಗಿ ನಿಂತರೂ ಸ್ನಾಯುಗಳು 140 ಕಿಲೋಗ್ರಾಂ ತೂಕಕ್ಕೆ ಸಮನಾದ ಬಲದಿಂದ ಎಳೆಯಬೇಕು. ಆ ಎಳೆತವೆಲ್ಲ ಬಿಲ್ಲೆಯನ್ನು ಒತ್ತುತ್ತದೆ. ಕೈ ಚಾಚಿ ಒಂದು ಕೊಡ ನೀರನ್ನೆತ್ತಿದರೆ ಈ ಲೆಕ್ಕ ಎಲ್ಲಿಗೆ ಹೋಗುವುದೆಂದು ವಾಚಕರೇ ಗುಣಿಸಿ ನೋಡಬಹುದು.

ಇದು ಕೇವಲ ಕಾಗದದ ಲೆಕ್ಕವಾಗಿ ಉಳಿದಿಲ್ಲ. ಸ್ವೀಡನ್ನಿನ ಶಸ್ತ್ರವೈದ್ಯ ಆಲ್ಫ್ ನಾಕೆಮ್‌ಸನ್ ಅವರು 1960ರ ದಶಕದಲ್ಲಿ ಬದುಕಿರುವ ಮನುಷ್ಯರ ಬಿಲ್ಲೆಯೊಳಕ್ಕೇ ಸೂಜಿಯನ್ನು ಇಳಿಸಿ ಒತ್ತಡವನ್ನು ಅಳೆದರು. ನಿಂತಾಗಿನ ಒತ್ತಡವನ್ನು 100 ಎಂದು ಎಣಿಸಿದರೆ, ಅಂಗಾತ ಮಲಗಿದಾಗ ಅದು 25ರಷ್ಟು, ಒರಗದೆ ಕುಳಿತಾಗ 140ರಷ್ಟು ಎಂದು ಅವರು ವರದಿ ಮಾಡಿದರು. ಕುಳಿತುಕೊಳ್ಳುವುದು ನಿಲ್ಲುವುದಕ್ಕಿಂತ ಬೆನ್ನಿಗೆ ಹೆಚ್ಚಿನ ಭಾರವೆಂಬ ಮಾತು ಅಲ್ಲಿಂದ ಪಠ್ಯಪುಸ್ತಕಗಳನ್ನು ಸೇರಿತು. ಆದರೆ 1999ರಲ್ಲಿ ಜರ್ಮನಿಯ ಉಲ್ಮ್ ನಗರದ ಹ್ಯಾನ್ಸ್-ಯೋಆಕಿಮ್ ವಿಲ್ಕೆ ಮತ್ತು ಸಂಗಡಿಗರು ಹೊಸ ಉಪಕರಣದಿಂದ ಒಬ್ಬ ಸ್ವಯಂಸೇವಕನ ಬಿಲ್ಲೆಯ ಒತ್ತಡವನ್ನು ದಿನವಿಡೀ ಅಳೆದಾಗ ಬೇರೆ ಚಿತ್ರ ಕಂಡಿತು. ನಿಂತಾಗ 0.50 ಮೆಗಾಪ್ಯಾಸ್ಕಲ್, ಮೈ ಸಡಿಲಿಸಿ ಕುಳಿತಾಗ 0.46, ಎರಡಕ್ಕೂ ಹೇಳಿಕೊಳ್ಳುವ ಅಂತರವಿಲ್ಲ. ಬೆನ್ನು ಬಾಗಿಸಿ 20 ಕಿಲೋಗ್ರಾಂ ಭಾರವನ್ನೆತ್ತಿದಾಗ ಮಾತ್ರ ಅದು 2.3ಕ್ಕೆ ಏರಿತು, ಮಂಡಿ ಮಡಿಸಿ ಎತ್ತಿದಾಗ 1.7. ಕುಳಿತುಕೊಳ್ಳುವುದರ ಬಗ್ಗೆ ಮೊದಲಿನ ತೀರ್ಮಾನ ಅಲುಗಿತು. ಬಾಗಿ ಭಾರವೆತ್ತುವುದರ ಬಗ್ಗೆ ಸನ್ನೆಗೋಲಿನ ಲೆಕ್ಕ ಗಟ್ಟಿಯಾಯಿತು. ವಿಜ್ಞಾನ ಮುಂದುವರಿಯುವುದು ಹೀಗೆಯೆ.

ಇಲ್ಲಿ ಒಂದು ಮಾತನ್ನು ಮರೆಯಬಾರದು. ಭಾರವಿದೆ ಎಂದ ಮಾತ್ರಕ್ಕೆ ಕೇಡಿದೆ ಎಂದಾಗುವುದಿಲ್ಲ. ಎಲುಬು, ಬಿಲ್ಲೆ, ಸ್ನಾಯುಗಳೆಲ್ಲ ಭಾರವನ್ನು ಹೊತ್ತು ಹೊತ್ತೇ ಬಲಿಯುವಂಥವು. ಭಾರವೇ ಇಲ್ಲದ ಅಂತರಿಕ್ಷದಲ್ಲಿ ಯಾತ್ರಿಕರ ಎಲುಬು ಸವೆಯುವುದೂ, ಸ್ನಾಯು ಕ್ಷಯಿಸುವುದೂ ಇದಕ್ಕೆ ಸಾಕ್ಷಿ.

ನೋವು ಎಲ್ಲಿಂದ?

1934ರಲ್ಲಿ ಅಮೆರಿಕದ ವಿಲಿಯಂ ಮಿಕ್ಸ್‌ಟರ್ ಮತ್ತು ಜೋಸೆಫ್ ಬಾರ್ ಎಂಬ ವೈದ್ಯರು, ಬಿಲ್ಲೆಯ ತಿರುಳು ಹೊರಚಾಚಿ ನರದ ಬುಡವನ್ನು ಒತ್ತಿದರೆ ಕಾಲಿಗೆ ಹರಿಯುವ ನೋವು ಬರುತ್ತದೆಂದು ತೋರಿಸಿಕೊಟ್ಟರು. ಅದು ದೊಡ್ಡ ಶೋಧವೇ ಸರಿ. ಆದರೆ ಅದರಿಂದ ಒಂದು ಅತಿಯಾದ ನಂಬಿಕೆಯೂ ಹುಟ್ಟಿತು. ಬೆನ್ನು ನೋಯಿತೆಂದರೆ 'ಬಿಲ್ಲೆ ಜಾರಿದೆ' ಎಂದು ಹೇಳುವ ವಾಡಿಕೆ ಬೆಳೆಯಿತು.

ಕಾಂತಕ್ಷೇತ್ರದ ನೆರವಿನಿಂದ ದೇಹದೊಳಗಿನ ಚಿತ್ರವನ್ನು ತೆಗೆಯುವ ಎಂ.ಆರ್.ಐ. ಯಂತ್ರ ಬಂದಮೇಲೆ ಈ ನಂಬಿಕೆಯನ್ನು ಪರೀಕ್ಷಿಸುವುದು ಸಾಧ್ಯವಾಯಿತು. ಬೆನ್ನುನೋವೇ ಇಲ್ಲದ 98 ಮಂದಿಯ ಚಿತ್ರಗಳನ್ನು ತೆಗೆದು ನೋಡಿದ ಅಮೆರಿಕದ ಸಂಶೋಧಕರು 1994ರಲ್ಲಿ ಪ್ರಕಟಿಸಿದ ಫಲಿತಾಂಶ ಎಲ್ಲರನ್ನೂ ಬೆರಗುಗೊಳಿಸಿತು. ಅವರಲ್ಲಿ ನೂರಕ್ಕೆ 52 ಮಂದಿಯ ಬೆನ್ನಿನಲ್ಲಿ ಒಂದಾದರೂ ಬಿಲ್ಲೆ ಉಬ್ಬಿತ್ತು. ನೂರಕ್ಕೆ 27 ಮಂದಿಯಲ್ಲಿ ಬಿಲ್ಲೆ ಒಂದೆಡೆ ಹೊರಚಾಚಿತ್ತು. ಆದರೂ ಅವರಿಗೆ ನೋವಿರಲಿಲ್ಲ. ತಲೆಯಲ್ಲಿ ನರೆ ಮೂಡುವಂತೆ, ಬಿಲ್ಲೆಯ ಈ ಬದಲಾವಣೆಗಳಲ್ಲಿ ಬಹುಪಾಲು ವಯಸ್ಸಿನೊಡನೆ ಬರುವ ಗುರುತುಗಳು.

ಹಾಗಾದರೆ ನೋವಿಗೆ ಕಾರಣವೇನು? ಹತ್ತರಲ್ಲಿ ಸುಮಾರು ಒಂಬತ್ತು ಪ್ರಕರಣಗಳಲ್ಲಿ ಇಂಥದೇ ಎಲುಬು, ಇಂಥದೇ ಬಿಲ್ಲೆ ಎಂದು ಬೆರಳಿಟ್ಟು ತೋರಿಸಲು ಆಗುವುದಿಲ್ಲ. ವೈದ್ಯರು ಇದನ್ನು 'ನಿರ್ದಿಷ್ಟ ಕಾರಣವಿಲ್ಲದ ನಡುನೋವು' ಎನ್ನುತ್ತಾರೆ. ಸ್ನಾಯುಗಳ ದಣಿವು, ಕೀಲುಗಳ ಬಿಗಿತ, ನಿದ್ರೆಯ ಕೊರತೆ, ಮನಸ್ಸಿನ ಕಳವಳ, ಇವೆಲ್ಲ ಅದರಲ್ಲಿ ಪಾಲುಗೊಳ್ಳುತ್ತವೆ. ಬಹುಮಟ್ಟಿಗೆ ಇಂಥ ನೋವು ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಆದರೆ ನೋವುಂಡವನು ಹೆದರುತ್ತಾನೆ. ಬಾಗಿದರೆ ಏನೋ ಮುರಿದೀತೆಂದು ಬಾಗುವುದನ್ನು ಬಿಡುತ್ತಾನೆ. ನಡೆದರೆ ಹೆಚ್ಚಾದೀತೆಂದು ಮಲಗುತ್ತಾನೆ. ಮಲಗಿದ ಸ್ನಾಯು ಬಲಗುಂದುತ್ತದೆ; ಬಲಗುಂದಿದ ಸ್ನಾಯು ಬೇಗ ದಣಿಯುತ್ತದೆ; ದಣಿದ ಸ್ನಾಯು ಮತ್ತೆ ನೋಯುತ್ತದೆ. ನೋವಿಗಿಂತ ಈ ಸುಳಿಯೇ ಹೆಚ್ಚು ಅಪಾಯಕರ.

ಹಿಂದೆ ವೈದ್ಯರೂ ವಾರಗಟ್ಟಲೆ ಹಾಸಿಗೆಯ ವಿಶ್ರಾಂತಿಯನ್ನೇ ಹೇಳುತ್ತಿದ್ದರು. 1986ರಲ್ಲಿ ಅಮೆರಿಕದ ರಿಚರ್ಡ್ ಡೇಯೋ ಮತ್ತು ಸಂಗಡಿಗರು ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಎರಡು ದಿನ, ಇನ್ನೊಂದಕ್ಕೆ ಏಳು ದಿನ ವಿಶ್ರಾಂತಿಯನ್ನು ವಿಧಿಸಿ ನೋಡಿದರು. ಏಳು ದಿನ ಮಲಗಬೇಕೆಂದು ಹೇಳಿಸಿಕೊಂಡವರಿಗೆ ಯಾವ ಹೆಚ್ಚಿನ ಗುಣವೂ ಬರಲಿಲ್ಲ. ಎರಡು ದಿನದವರು ಮಾತ್ರ ಬೇಗ ಕೆಲಸಕ್ಕೆ ಮರಳಿದರು. ಹಾಸಿಗೆಯ ಕಾಲ ಅಲ್ಲಿಂದ ಮುಗಿಯುತ್ತ ಬಂದು, ಚಲನೆಯ ಕಾಲ ಆರಂಭವಾಯಿತು. ಪಿಲಾಟೀಸ್ ಪದ್ಧತಿ ವೈದ್ಯರ ಗಮನಕ್ಕೆ ಬಂದುದು ಈ ಬದಲಾವಣೆಯ ತರುವಾಯ.

ಬಂದೀಶಿಬಿರದಿಂದ ನ್ಯೂಯಾರ್ಕಿಗೆ

ಜೋಸೆಫ್ ಪಿಲಾಟೀಸನು 1883ರಲ್ಲಿ ಜರ್ಮನಿಯ ಮ್ಯೋನ್ಶೆನ್‌ಗ್ಲಾಡ್‌ಬಾಖ್ ಪಟ್ಟಣದಲ್ಲಿ ಹುಟ್ಟಿದನು. ಬಾಲ್ಯದಲ್ಲಿ ಈತ ಉಬ್ಬಸದಿಂದಲೂ, ಎಲುಬು ಮೆತ್ತಗಾಗುವ ರಿಕೆಟ್ಸ್ ರೋಗದಿಂದಲೂ ಬಳಲಿದನೆಂದು ಹೇಳುತ್ತಾರೆ. ಆ ದೌರ್ಬಲ್ಯವನ್ನು ಗೆಲ್ಲಲು ಜಿಮ್ನಾಸ್ಟಿಕ್ಸ್, ಮುಷ್ಟಿಯುದ್ಧ ಮೊದಲಾದುವನ್ನು ಅಭ್ಯಾಸಮಾಡಿ ಮೈಯನ್ನು ಹುರಿಗೊಳಿಸಿಕೊಂಡನು. ಮೊದಲನೆಯ ಮಹಾಯುದ್ಧ ಆರಂಭವಾಗುವ ಹೊತ್ತಿಗೆ ಈತ ಇಂಗ್ಲೆಂಡಿನಲ್ಲಿದ್ದನು. ಶತ್ರುದೇಶದ ಪ್ರಜೆಯೆಂದು ಅಲ್ಲಿನ ಸರ್ಕಾರ ಇವನನ್ನು ಹಿಡಿದು, ಕಡೆಗೆ ಮ್ಯಾನ್ ದ್ವೀಪದ ನಾಕಲೋ ಶಿಬಿರದಲ್ಲಿ ಇರಿಸಿತು. 20 ಸಾವಿರಕ್ಕೂ ಮಿಕ್ಕಿ ಬಂದಿಗಳಿದ್ದ ಶಿಬಿರವದು. ಮಾಡಲು ಕೆಲಸವಿಲ್ಲದೆ, ಹೋಗಲು ಸ್ಥಳವಿಲ್ಲದೆ ಕೊರಗುವ ಜನರ ನಡುವೆ ಪಿಲಾಟೀಸನು ತನ್ನ ವ್ಯಾಯಾಮಗಳನ್ನು ತಿದ್ದಿ ಬೆಳೆಸಿದನು. ಎದ್ದು ನಿಲ್ಲಲಾರದ ರೋಗಿಗಳ ಮಂಚಕ್ಕೆ ಸ್ಪ್ರಿಂಗುಗಳನ್ನು ಕಟ್ಟಿ, ಮಲಗಿದಲ್ಲಿಯೇ ಕೈಕಾಲು ಆಡಿಸುವ ಉಪಾಯವನ್ನು ಹೂಡಿದನೆಂಬ ಕಥೆಯನ್ನು ಅವನ ಶಿಷ್ಯಪರಂಪರೆ ಇಂದಿಗೂ ಹೇಳುತ್ತದೆ.

1926ರಲ್ಲಿ ಈತ ಅಮೆರಿಕಕ್ಕೆ ಹೊರಟನು. ಹಡಗಿನಲ್ಲಿ ಪರಿಚಯವಾದ ಕ್ಲಾರಾ ಎಂಬಾಕೆ ಅವನ ಬಾಳಸಂಗಾತಿಯೂ ಸಹಶಿಕ್ಷಕಿಯೂ ಆದಳು. ನ್ಯೂಯಾರ್ಕಿನ ಎಂಟನೆಯ ಅವೆನ್ಯೂವಿನಲ್ಲಿ ಇವರು ತೆರೆದ ವ್ಯಾಯಾಮಶಾಲೆ ನೃತ್ಯಶಾಲೆಗಳ ನೆರೆಯಲ್ಲೇ ಇತ್ತು. ಬಿದ್ದು ಪೆಟ್ಟುತಿಂದ ನರ್ತಕರು ಇಲ್ಲಿಗೆ ಬರತೊಡಗಿದರು; ಹೆಸರಾಂತ ನೃತ್ಯಸಂಯೋಜಕ ಜಾರ್ಜ್ ಬಾಲಂಚೀನನೂ ಅವರಲ್ಲೊಬ್ಬ. ಪಿಲಾಟೀಸನು ತನ್ನ ಪದ್ಧತಿಗೆ ಇಟ್ಟ ಹೆಸರು 'ಕಂಟ್ರಾಲಜಿ', ಎಂದರೆ ನಿಯಂತ್ರಣಶಾಸ್ತ್ರ. 1945ರಲ್ಲಿ ಪ್ರಕಟವಾದ ಅವನ ಪುಸ್ತಕದಲ್ಲಿ ನೆಲದ ಮೇಲೆ ಮಾಡುವ 34 ವ್ಯಾಯಾಮಗಳ ವಿವರಣೆಯಿದೆ. 1967ರಲ್ಲಿ ಅವನು ತೀರಿಕೊಂಡ ಮೇಲೆ ಶಿಷ್ಯರು ಈ ಪದ್ಧತಿಗೆ ಗುರುವಿನ ಹೆಸರನ್ನೇ ಉಳಿಸಿದರು. ಆ ಹೆಸರನ್ನು ಒಬ್ಬರ ಸ್ವತ್ತಾಗಿ ಉಳಿಸಿಕೊಳ್ಳುವ ಪ್ರಯತ್ನ ನಡೆದಾಗ, ಯೋಗ, ಕರಾಟೆಗಳಂತೆ ಅದೊಂದು ವ್ಯಾಯಾಮದ ಸಾಮಾನ್ಯ ಹೆಸರೆಂದು ನ್ಯೂಯಾರ್ಕಿನ ನ್ಯಾಯಾಲಯ 2000ದಲ್ಲಿ ತೀರ್ಪಿತ್ತಿತು.

ಪಿಲಾಟೀಸನ ಮಾತೆಲ್ಲವೂ ನಿಂತಿತೆಂದು ಹೇಳಲಾಗದು. ಶಿಶುವಿನ ಬೆನ್ನಿನಲ್ಲಿ ಅಲೆಗಳಿಲ್ಲದಿರುವುದನ್ನು ಕಂಡು, ಬೆಳೆದವರ ಬೆನ್ನೂ ಹಾಗೆಯೇ ನೇರವಾಗಿರಬೇಕೆಂದು ಅವನು ವಾದಿಸಿದನು. ಬೆನ್ನಿನ ಬಾಗುಗಳು ನಡಿಗೆಗೆ ಅವಶ್ಯವಾದುವೆಂದು ನಾವು ಮೇಲೆ ನೋಡಿದೆವು. ಆದುದರಿಂದ ಇಂದಿನ ಶಿಕ್ಷಕರಲ್ಲಿ ಬಹುಮಂದಿ ಬೆನ್ನನ್ನು ಚಪ್ಪಟೆ ಮಾಡಿಸುವುದಿಲ್ಲ. ಸಹಜವಾದ ಬಾಗುಗಳನ್ನು ಉಳಿಸಿಕೊಂಡೇ ಅಭ್ಯಾಸ ಮಾಡಿಸುತ್ತಾರೆ.

ಅಭ್ಯಾಸದ ಕ್ರಮ

ಈ ಪದ್ಧತಿಯಲ್ಲಿ ವೇಗಕ್ಕೆ ಬೆಲೆಯಿಲ್ಲ. ಎಣಿಕೆಗೂ ಹೆಚ್ಚಿನ ಬೆಲೆಯಿಲ್ಲ. ಒಂದು ಚಲನೆಯನ್ನು ಐವತ್ತು ಸಲ ಒರಟಾಗಿ ಮಾಡುವುದಕ್ಕಿಂತ ಐದು ಸಲ ಅಚ್ಚುಕಟ್ಟಾಗಿ, ಉಸಿರಿಗೆ ಹೊಂದಿಸಿ ಮಾಡುವುದು ಮೇಲು. ಚಲನೆಯೆಲ್ಲ ನಡುವಿನಿಂದ ಹೊರಡಬೇಕು. ಮನಸ್ಸು ಚಲನೆಯಲ್ಲೇ ಇರಬೇಕು. ಮೂರು ಅಭ್ಯಾಸಗಳನ್ನು ನೋಡಿದರೆ ಇದರ ಸ್ವರೂಪ ತಿಳಿಯುತ್ತದೆ.

ಮೊದಲನೆಯದು ಸೇತುವೆ. ಅಂಗಾತ ಮಲಗಿ ಮಂಡಿಗಳನ್ನು ಮಡಿಸಿ, ಪಾದಗಳನ್ನು ಸೊಂಟದಗಲಕ್ಕೆ ಊರಬೇಕು. ಉಸಿರು ಬಿಡುತ್ತ, ಮೊದಲು ಬಾಲದೆಲುಬನ್ನು, ಅನಂತರ ನಡುವಿನ ಮಣಿಗಳನ್ನು ಒಂದೊಂದಾಗಿ ನೆಲದಿಂದ ಬಿಡಿಸಿ ಎತ್ತಬೇಕು. ಭುಜದಿಂದ ಮಂಡಿಯವರೆಗೆ ಮೈ ಒಂದೇ ರೇಖೆಯಾದಾಗ ನಿಂತು ಉಸಿರೆಳೆದು, ಮತ್ತೆ ಉಸಿರು ಬಿಡುತ್ತ ಮೇಲಿನ ಮಣಿಯಿಂದ ಆರಂಭಿಸಿ ಒಂದೊಂದನ್ನಾಗಿ ಇಳಿಸಬೇಕು. ಸೇತುಬಂಧಾಸನವನ್ನು ಬಲ್ಲವರಿಗೆ ಇದು ಹೊಸದೆನಿಸದು.

ಎರಡನೆಯದು ನಾಲ್ಕುಗಾಲಿನ ಅಭ್ಯಾಸ. ಅಂಗೈ ಮತ್ತು ಮಂಡಿಗಳ ಮೇಲೆ ನಿಂತು, ಬಲಗೈಯನ್ನು ಮುಂದಕ್ಕೂ ಎಡಗಾಲನ್ನು ಹಿಂದಕ್ಕೂ ನಿಧಾನವಾಗಿ ಚಾಚಬೇಕು; ಅನಂತರ ಎಡಗೈ, ಬಲಗಾಲು. ಕೈಕಾಲು ಚಾಚುವಾಗ ಬೆನ್ನು ಅಲುಗಬಾರದು. ಬೆನ್ನಿನ ಮೇಲೆ ನೀರಿನ ಬಟ್ಟಲಿದೆಯೆಂದು ಭಾವಿಸಿಕೊಂಡರೆ ಸಾಕು.

ಮೂರನೆಯದು 'ನೂರು' ಎಂಬ ಪ್ರಸಿದ್ಧ ಅಭ್ಯಾಸ. ಅಂಗಾತ ಮಲಗಿ ತಲೆ, ಭುಜ, ಕಾಲುಗಳನ್ನು ಎತ್ತಿ ಹಿಡಿದು, ಚಾಚಿದ ಕೈಗಳನ್ನು ಮೈಯ ಪಕ್ಕದಲ್ಲಿ ಸಣ್ಣಗೆ ಮೇಲೆ ಕೆಳಗೆ ಆಡಿಸುತ್ತ, ಐದು ಎಣಿಕೆಗೆ ಉಸಿರೆಳೆದು ಐದು ಎಣಿಕೆಗೆ ಬಿಡಬೇಕು. ಹೀಗೆ ಹತ್ತು ಉಸಿರಿಗೆ ನೂರು ಎಣಿಕೆ. ಹೊಸಬರು ತಲೆಯನ್ನು ನೆಲದ ಮೇಲಿಟ್ಟು, ಮಂಡಿ ಮಡಿಸಿ, ಪಾದ ಊರಿಯೇ ಆರಂಭಿಸುವುದು ಕ್ಷೇಮ.

ಇವಲ್ಲದೆ ಉಪಕರಣಗಳೂ ಉಂಟು. 'ರಿಫಾರ್ಮರ್' ಎಂಬುದು ಚೌಕಟ್ಟಿನೊಳಗೆ ಗಾಲಿಗಳ ಮೇಲೆ ಜಾರುವ ಹಲಗೆ. ಅದನ್ನು ಸ್ಪ್ರಿಂಗುಗಳು ಹಿಡಿದೆಳೆಯುತ್ತವೆ. ಗುಂಡಿನ ತೂಕ ಎತ್ತಿದಷ್ಟು ಎತ್ತರಕ್ಕೂ ಒಂದೇ. ಸ್ಪ್ರಿಂಗಿನ ಎಳೆತವಾದರೋ ಹುಕ್‌ನ ನಿಯಮದಂತೆ ಹಿಗ್ಗಿದಷ್ಟೂ ಹೆಚ್ಚುತ್ತದೆ. ಚಲನೆಯ ಆರಂಭದಲ್ಲಿ ಹಗುರ, ಕೊನೆಯಲ್ಲಿ ಬಿಗಿ. ಹಿಂದಿರುಗುವಾಗ ಸ್ಪ್ರಿಂಗು ಹಲಗೆಯನ್ನು ಸೆಳೆದುಕೊಳ್ಳಲು ನೋಡುತ್ತದೆ. ಅದಕ್ಕೆ ಬಿಟ್ಟುಕೊಡದೆ ಮೆಲ್ಲಗೆ ಬಿಡುವಾಗ ಸ್ನಾಯು ಹಿಗ್ಗುತ್ತಲೇ ದುಡಿಯಬೇಕಾಗುತ್ತದೆ. ಮೆಟ್ಟಿಲಿಳಿಯುವಾಗ ತೊಡೆಯ ಸ್ನಾಯು ಮಾಡುವುದೂ ಇದೇ ಬಗೆಯ ಕೆಲಸವನ್ನು.

ಒಳಪದರದ ಸ್ನಾಯುಗಳು

ಹೊಟ್ಟೆಯ ಗೋಡೆಯಲ್ಲಿ ಸ್ನಾಯುಗಳು ಪದರಪದರವಾಗಿವೆ. ಎಲ್ಲಕ್ಕಿಂತ ಒಳಗಿನ ಅಡ್ಡಪದರ ನಡುಪಟ್ಟಿಯಂತೆ ಹೊಟ್ಟೆಯನ್ನು ಸುತ್ತಿಕೊಂಡಿದೆ. ಅದರ ಮೇಲೆ ಮುಚ್ಚಳದಂತೆ ವಪೆ, ಕೆಳಗೆ ತಳದಂತೆ ಕಿಬ್ಬೊಟ್ಟೆಯ ತಳದ ಸ್ನಾಯುಗಳು, ಹಿಂದೆ ಮಣಿಯಿಂದ ಮಣಿಗೆ ಹೆಣೆದುಕೊಂಡ ಗಿಡ್ಡ ಸ್ನಾಯುಗಳು. ಇವೆಲ್ಲ ಒಟ್ಟಿಗೆ ಬಿಗಿದಾಗ ಹೊಟ್ಟೆ ಗಾಳಿತುಂಬಿದ ಚೆಂಡಿನಂತಾಗಿ ಬೆನ್ನುಕಂಬಕ್ಕೆ ಮುಂದಿನಿಂದ ಆಸರೆ ಕೊಡುತ್ತದೆ.

ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡ್ ವಿಶ್ವವಿದ್ಯಾನಿಲಯದ ಪಾಲ್ ಹಾಡ್ಜಸ್ ಮತ್ತು ಕ್ಯಾರೊಲಿನ್ ರಿಚರ್ಡ್‌ಸನ್ ಅವರು 1996ರಲ್ಲಿ ಒಂದು ಸ್ವಾರಸ್ಯವಾದ ಸಂಗತಿಯನ್ನು ವರದಿ ಮಾಡಿದರು. ಬೆನ್ನುನೋವಿಲ್ಲದವರು ಕೈಯೆತ್ತುವಾಗ, ಕೈಯ ಸ್ನಾಯು ಕೆಲಸ ಮಾಡುವ ಮೊದಲೇ ಹೊಟ್ಟೆಯ ಅಡ್ಡಪದರ ಬಿಗಿದುಕೊಳ್ಳುತ್ತದೆ. ಕಂಬವನ್ನು ಮೊದಲು ಭದ್ರಪಡಿಸಿ ಆಮೇಲೆ ಭಾರವನ್ನು ಚಾಚುವ ಏರ್ಪಾಡಿದು. ನಡುನೋವಿರುವವರಲ್ಲಿ ಈ ಬಿಗಿತ ತಡವಾಗಿ ಬರುತ್ತದೆ. ಅದೇ ವರ್ಷ ಜೂಲಿ ಹೈಡ್ಸ್ ಮತ್ತು ಸಂಗಡಿಗರು, ಮೊದಲ ಸಲದ ನಡುನೋವು ಇಳಿದ ಮೇಲೂ ಬೆನ್ನಿನ ಗಿಡ್ಡ ಸ್ನಾಯು ತಾನಾಗಿ ಮೊದಲಿನ ಗಾತ್ರಕ್ಕೆ ಬರುವುದಿಲ್ಲವೆಂದು ತೋರಿಸಿದರು.

ಪಿಲಾಟೀಸ್ ಶಿಕ್ಷಕರು ಈ ಶೋಧಗಳನ್ನು ಸಂತೋಷದಿಂದ ಸ್ವಾಗತಿಸಿದುದು ಸಹಜವೇ. ತಮ್ಮ ಗುರು ಹೊಟ್ಟೆಯ ನಿಯಂತ್ರಣಕ್ಕೆ ಕೊಟ್ಟ ಪ್ರಾಶಸ್ತ್ಯಕ್ಕೆ ಇಲ್ಲಿ ಆಧಾರ ಸಿಕ್ಕಿದಂತಾಯಿತು. ಆದರೆ ತರ್ಕವನ್ನು ಅರಿತವನು ಒಂದು ಪ್ರಶ್ನೆ ಕೇಳಬೇಕು: ಸ್ನಾಯು ತಡಮಾಡಿದ್ದರಿಂದ ನೋವು ಬಂದಿತೋ, ನೋವು ಬಂದುದರಿಂದ ಸ್ನಾಯು ತಡಮಾಡಿತೋ? ಎರಡು ಸಂಗತಿಗಳು ಜೊತೆಯಾಗಿ ಕಂಡ ಮಾತ್ರಕ್ಕೆ ಒಂದು ಇನ್ನೊಂದರ ಕಾರಣವಾಗದು. ಅಭ್ಯಾಸದಿಂದ ನಿಜವಾಗಿ ನೋವು ಇಳಿಯುವುದೇ ಎಂಬುದನ್ನು ಪ್ರತ್ಯೇಕವಾಗಿ ಪರೀಕ್ಷಿಸಬೇಕು.

ಒರೆಗಲ್ಲಿನ ಮೇಲೆ

ಅಂಥ ಪರೀಕ್ಷೆಯ ಕ್ರಮ ಹೀಗೆ: ರೋಗಿಗಳನ್ನು ಚೀಟಿ ಎತ್ತಿದಂತೆ ಆಯ್ಕೆಯಿಲ್ಲದೆ ಗುಂಪುಗಳಾಗಿ ಹಂಚಿ, ಒಂದು ಗುಂಪಿಗೆ ಈ ಅಭ್ಯಾಸವನ್ನೂ ಮತ್ತೊಂದಕ್ಕೆ ಬೇರೆ ಉಪಚಾರವನ್ನೂ ಕೊಟ್ಟು, ಕೆಲವು ತಿಂಗಳ ಮೇಲೆ ಎರಡರ ನೋವನ್ನೂ ಹೋಲಿಸುವುದು. ತಾನಾಗಿ ಇಳಿಯುವ ನೋವಿನ ಕೀರ್ತಿ ಔಷಧಕ್ಕೆ ಸಲ್ಲದಂತೆ ತಡೆಯುವ ಉಪಾಯವಿದು.

ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಇಂಥ ಹತ್ತು ಪ್ರಯೋಗಗಳನ್ನು, ಒಟ್ಟು 510 ಮಂದಿಯ ಫಲಿತಾಂಶಗಳನ್ನು ಕಲೆಹಾಕಿ 2015ರಲ್ಲಿ ವಿಮರ್ಶೆಯನ್ನು ಪ್ರಕಟಿಸಿತು. ವ್ಯಾಯಾಮ ಮಾಡದೆ ಅಲ್ಪ ಉಪಚಾರವನ್ನಷ್ಟೇ ಪಡೆದವರಿಗಿಂತ ಪಿಲಾಟೀಸ್ ಅಭ್ಯಾಸಿಗಳಲ್ಲಿ ನೋವು ಕಡಿಮೆಯಾಗಿತ್ತು. ದಿನನಿತ್ಯದ ಕೆಲಸಕ್ಕೆ ಅಡ್ಡಿಯೂ ತಗ್ಗಿತ್ತು. ಆದರೆ ಬೇರೆ ವ್ಯಾಯಾಮಗಳಿಗಿಂತ ಇದು ಮೇಲೆಂಬುದಕ್ಕೆ ಖಚಿತವಾದ ಪುರಾವೆ ದೊರೆಯಲಿಲ್ಲ. ಅದೇ ಸಂಸ್ಥೆ 2021ರಲ್ಲಿ ಎಲ್ಲ ಬಗೆಯ ವ್ಯಾಯಾಮಗಳ 249 ಪ್ರಯೋಗಗಳನ್ನು ಪರಿಶೀಲಿಸಿತು. ದೀರ್ಘಕಾಲದ ನಡುನೋವಿನಲ್ಲಿ, ವ್ಯಾಯಾಮವಿಲ್ಲದವರಿಗೆ ಹೋಲಿಸಿದರೆ ವ್ಯಾಯಾಮ ಮಾಡಿದವರ ನೋವು ನೂರು ಅಂಕಗಳ ಅಳತೆಯಲ್ಲಿ ಸರಾಸರಿ 15ರಷ್ಟು ತಗ್ಗಿತ್ತು.

ಹದಿನೈದು ಅಂಕವೆಂದರೆ ಪವಾಡವಲ್ಲ, ಆದರೆ ತಾತ್ಸಾರ ಮಾಡುವಂಥದೂ ಅಲ್ಲ. ನೋವಿನಿಂದ ತರಗತಿಯಲ್ಲಿ ಕೂರಲಾರದವನು ಕೂರುವಂತಾದರೆ, ನಡೆಯಲು ಹೆದರುತ್ತಿದ್ದವನು ನಡೆದರೆ ಅದು ದೊಡ್ಡ ಲಾಭವೇ. ಪಿಲಾಟೀಸಿನಲ್ಲಿ ಯಾವ ಗುಟ್ಟಿನ ಶಕ್ತಿಯೂ ಇಲ್ಲ. ನಿಧಾನವಾದ, ಹಿಡಿತದಲ್ಲಿರುವ ಚಲನೆಯಿಂದ ಸ್ನಾಯು ಬಲಿಯುತ್ತದೆ. ಬಾಗಿದರೆ ಮುರಿಯುವುದಿಲ್ಲವೆಂಬ ಧೈರ್ಯ ಬರುತ್ತದೆ. ಸುಳಿ ಹಿಮ್ಮುಖವಾಗಿ ತಿರುಗುತ್ತದೆ. ಈಜು, ನಡಿಗೆ, ಯೋಗಾಸನ ಮೊದಲಾದುವೂ ಈ ಕೆಲಸವನ್ನು ಮಾಡಬಲ್ಲುವು. ಯಾವುದನ್ನು ಬಿಡದೆ ಮಾಡಲು ಸಾಧ್ಯವೋ ಅದೇ ಒಳ್ಳೆಯದು.

ನಿಲುವಿನ ಮಾತು

'ನೆಟ್ಟಗೆ ಕೂತುಕೋ' ಎಂದು ಹಿರಿಯರಿಂದ ಹೇಳಿಸಿಕೊಳ್ಳದ ವಿದ್ಯಾರ್ಥಿಯಿಲ್ಲ. ಪಿಲಾಟೀಸ್ ಅಭ್ಯಾಸದಿಂದ ಬೆನ್ನಿನ ಸ್ನಾಯುಗಳ ತಾಳಿಕೆ ಹೆಚ್ಚುವುದರಿಂದಲೂ, ಮೈ ಯಾವ ಭಂಗಿಯಲ್ಲಿದೆಯೆಂಬ ಅರಿವು ಮೂಡುವುದರಿಂದಲೂ ನೆಟ್ಟಗೆ ನಿಲ್ಲುವುದು ಸುಲಭವಾಗುತ್ತದೆ. ಆದರೆ ಬಾಗಿ ಕುಳಿತವರಿಗೆಲ್ಲ ನೋವು ಬಂದೇ ತೀರುವುದೆಂಬ ಮಾತಿಗೆ ಆಧಾರ ಸಾಲದು. ಪಶ್ಚಿಮ ಆಸ್ಟ್ರೇಲಿಯದಲ್ಲಿ 17ನೆಯ ವಯಸ್ಸಿನವರ ಕತ್ತಿನ ಭಂಗಿಯನ್ನು ಗುರುತಿಸಿಟ್ಟು, ಅವರನ್ನು 22ನೆಯ ವಯಸ್ಸಿನಲ್ಲಿ ಮತ್ತೆ ವಿಚಾರಿಸಿದ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. ಕತ್ತು ಬಾಗಿಸಿ ಕೂರುತ್ತಿದ್ದವರಲ್ಲಿ ಕತ್ತುನೋವು ಇತರರಿಗಿಂತ ಹೆಚ್ಚಾಗಿರಲಿಲ್ಲ.

ತೊಂದರೆ ಕೊಡುವುದು ಒಂದೇ ಭಂಗಿಯಲ್ಲಿ ಬಹಳ ಹೊತ್ತು ಇರುವುದು. ನೆಟ್ಟಗೆ ಮರಗಟ್ಟಿ ಕುಳಿತರೂ ಸ್ನಾಯು ದಣಿಯುತ್ತದೆ. ಮೊಬೈಲಿನ ಮೇಲೆ ಬಗ್ಗಿ ಕುಳಿತರೂ ದಣಿಯುತ್ತದೆ. ಪರೀಕ್ಷೆಗೆ ಓದುವಾಗ ಅರ್ಧಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆದು, ಕೈಯೆತ್ತಿ ಮೈಮುರಿದು ಕೂರುವುದು ಬೆಲೆಬಾಳುವ ಕುರ್ಚಿಗಿಂತ ಮೇಲು.

ಕೆಲವು ಎಚ್ಚರಿಕೆಗಳು

ಎಲ್ಲ ಬೆನ್ನುನೋವೂ ವ್ಯಾಯಾಮಕ್ಕೆ ಬಗ್ಗುವುದಿಲ್ಲ. ನೋವಿನೊಡನೆ ಮಲಮೂತ್ರಗಳ ಹಿಡಿತ ತಪ್ಪುವುದು, ತೊಡೆಗಳ ಸಂದಿಯಲ್ಲಿ ಜೋಮು, ಕಾಲಿನಲ್ಲಿ ಹೆಚ್ಚುತ್ತ ಹೋಗುವ ನಿಶ್ಶಕ್ತಿ ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಒಂದು ದಿನವೂ ತಡಮಾಡಬಾರದು. ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಎತ್ತರದಿಂದ ಬಿದ್ದ ಮೇಲಿನ ನೋವು, ಹಿಂದೆ ಕ್ಯಾನ್ಸರ್ ಆಗಿದ್ದವರಲ್ಲಿ ಹೊಸದಾಗಿ ಬಂದ ನೋವು, ಇವನ್ನೂ ವೈದ್ಯರಿಗೆ ತೋರಿಸಬೇಕು. ಎಲುಬು ಟೊಳ್ಳಾಗಿರುವ ವೃದ್ಧರು ಬೆನ್ನನ್ನು ಬಲವಾಗಿ ಮುಂದಕ್ಕೆ ಸುತ್ತುವ ಅಭ್ಯಾಸಗಳನ್ನು ಮಾಡಬಾರದು. ಕಶೇರುಮಣಿ ಕುಸಿಯುವ ಸಂಭವವುಂಟು. ಮನೆಯಲ್ಲಿ ಅಜ್ಜಿ, ತಾತ ಇರುವ ವಿದ್ಯಾರ್ಥಿಗಳು ಇದನ್ನು ಅವರಿಗೆ ತಿಳಿಸುವುದು ಒಳ್ಳೆಯದು.

ಮನುಷ್ಯನು ನೆಟ್ಟಗೆ ನಿಂತದ್ದರಿಂದ ಅವನ ಕೈಗಳಿಗೆ ಬಿಡುವಾಯಿತು. ಆ ಕೈಗಳಿಂದ ಉಪಕರಣಗಳೂ, ಬರಹವೂ ಹುಟ್ಟಿದವು. ಅದಕ್ಕೆ ಪ್ರತಿಯಾಗಿ ಬೆನ್ನು ಕೇಳುವ ಬಾಡಿಗೆ ಹೆಚ್ಚಿನದೇನಲ್ಲ: ದಿನಕ್ಕೆ ಸ್ವಲ್ಪ ಹೊತ್ತಿನ ಚಲನೆ, ನೋವು ಬಂದಾಗ ಸ್ವಲ್ಪ ಧೈರ್ಯ. ಬಂದೀಶಿಬಿರದ ಬೇಲಿಯೊಳಗೆ, ಯಾವ ಸೌಕರ್ಯವೂ ಇಲ್ಲದ ಕಡೆ ಒಬ್ಬನು ಬೆಳೆಸಿದ ಅಭ್ಯಾಸಕ್ಕೆ ಬೇಕಾದುದು ಒಂದು ಚಾಪೆಯಗಲ ನೆಲ. ಅಷ್ಟು ನೆಲ ನಮ್ಮಲ್ಲಿ ಯಾರಿಗೆ ತಾನೆ ಇಲ್ಲ?